ಮೊದಲು ನೋಡಿ, ಆಮೇಲೆ ಮಾಡಿ: ಗಿಟ್ ಕಲಿಯುವವರಿಗೆ ನನ್ನದೊಂದು ಮಾತು

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ ಗೆಳೆಯನೊಬ್ಬನ ಜತೆ ಆದ ಸಣ್ಣ ಜಗಳ. ಮೊನ್ನೆ ಫೋನ್ ಮಾಡಿ "ಗಿಟ್ ಕಲೀಬೇಕು ಕಣೋ, ಮುಖ್ಯವಾದ ಹತ್ತು ಕಮಾಂಡ್ ಬರೆದು ಕಳಿಸು, ಬಾಯಿಪಾಠ ಮಾಡ್ಕೊಂಡುಬಿಡ್ತೀನಿ" ಅಂದ. ನಾನು "ಬಾಯಿಪಾಠ ಮಾಡೋದಾದ್ರೆ ಕಲೀಲೇಬೇಡ ಬಿಡು" ಅಂದುಬಿಟ್ಟೆ. ಅವನಿಗೆ ಸಿಟ್ಟು ಬಂತು. ನಿನಗೆ ಗೊತ್ತಿದೆ ಅಂತ ಜಂಭ ಅಂದ. ಜಂಭ ಅಲ್ಲ ಮಾರಾಯ, ಪೆಟ್ಟು ತಿಂದವನ ಮಾತು ಅಂತ ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಆ ಪೆಟ್ಟು ಏನು ಅನ್ನೋದನ್ನ ಇಲ್ಲಿ ಬರೆಯುತ್ತೇನೆ, ಅವನೂ ಓದುತ್ತಾನೆ :)

ಶುರು ಮಾಡುವ ಮೊದಲು ಒಂದು ಮಾತು. ಆದೇಶಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ, ಹೇಳುವ ಹಾಗೆ ಬರೆದಿದ್ದೇನೆ. ಕೀಲಿಮಣೆಯಲ್ಲಿ ಕುಟ್ಟುವಾಗ ಅವನ್ನು ಇಂಗ್ಲಿಷಿನಲ್ಲೇ ಕುಟ್ಟಬೇಕು. ಪ್ರೋಗ್ರಾಮರ್‌ಗಳಿಗೆ ಇದರಲ್ಲಿ ಹೊಸದೇನೂ ಇರಲಿಕ್ಕಿಲ್ಲ. ನಾನು ಬರೆಯುತ್ತಿರುವುದು ಕನ್ನಡದಲ್ಲಿ ಏನಾದರೂ ಬರೆಯುವ, ಸಂಗ್ರಹಿಸುವ, ತಿದ್ದುವ ನಮ್ಮಂಥವರಿಗೆ.

ನಮ್ಮೂರು ತೀರ್ಥಹಳ್ಳಿ ಕಡೆ. ನಮ್ಮ ದೊಡ್ಡಪ್ಪನಿಗೆ ಒಂದು ಹುಚ್ಚಿತ್ತು. ಅಡಿಕೆ ತೋಟ, ಕೊಟ್ಟಿಗೆ, ಅಡುಗೆಮನೆ, ಗದ್ದೆ, ಹೀಗೆ ಎಲ್ಲಿ ಯಾವ ಮಾತು ಕಿವಿಗೆ ಬಿದ್ದರೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮೆಟ್ಟುಗತ್ತಿ, ಸೋಗೆ, ಹಾಳೆ, ದಬ್ಬೆ, ಕೊನೆ, ಚೊಗರು... ಪದ, ಅದರ ಅರ್ಥ, ಯಾರ ಬಾಯಲ್ಲಿ ಕೇಳಿದ್ದು ಅನ್ನುವುದು. ಗೆರೆ ಹಾಕಿದ ಮೂರು ನೋಟ್‌ಬುಕ್ ತುಂಬಿತ್ತು. ಅದನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಡೋಣ ಅಂತ ನಾನೂ ದೊಡ್ಡಪ್ಪನ ಮಗಳು, ಅಂದರೆ ಅಕ್ಕನೂ, ಸೇರಿ 2011ರಲ್ಲಿ ಶುರು ಮಾಡಿದೆವು. ನಾನು ಬೆಂಗಳೂರಿನಲ್ಲಿ, ಅಕ್ಕ ಮದುವೆಯಾಗಿ ಶಿರಸಿ ಕಡೆ. ಕಡತ ಮಿಂಚಂಚೆಯಲ್ಲಿ ಆಚೆ ಈಚೆ ಓಡಾಡುತ್ತಿತ್ತು. ಭಾನುವಾರ ದೊಡ್ಡಪ್ಪನಿಗೆ ಫೋನ್ ಮಾಡಿ ಅನುಮಾನ ಇದ್ದ ಪದಗಳನ್ನು ಕೇಳುವುದು, ಅವರು "ಅದು ಹಾಗಲ್ಲವೋ" ಅಂತ ತಿದ್ದುವುದು, ನಾನು ಅಲ್ಲೇ ಕಡತದಲ್ಲಿ ತಿದ್ದಿಕೊಳ್ಳುವುದು.

ಕಡತದ ಹೆಸರುಗಳನ್ನು ಕೇಳಿ: "ಪದಗಳು", "ಪದಗಳು ಹೊಸದು", "ಪದಗಳು ಕೊನೆಯದು", "ಪದಗಳು ಕೊನೆಯದು 2", "ಪದಗಳು ಇದೇ ಕೊನೆಯದು". ನಗಬೇಡಿ, ನಿಮ್ಮ ಕಂಪ್ಯೂಟರಿನಲ್ಲೂ ಇಂಥದ್ದು ಇದ್ದೇ ಇರುತ್ತದೆ.

ಒಂದು ದಿನ ಅಕ್ಕ ಕಳಿಸಿದ ಕಡತವನ್ನು ನನ್ನದರ ಮೇಲೆ ಸೇವ್ ಮಾಡಿಬಿಟ್ಟೆ. ಅವಳದ್ದು ಹಳೆಯ ಪ್ರತಿಯ ಮೇಲೆ ಮಾಡಿದ ಕೆಲಸ. ಮೂರು ತಿಂಗಳು ದೊಡ್ಡಪ್ಪ ಫೋನಿನಲ್ಲಿ ಹೇಳಿದ ತಿದ್ದುಪಡಿಗಳೆಲ್ಲ ಅದರ ಅಡಿಯಲ್ಲಿ ಹೂತುಹೋದವು. ಆಗ ಗೊತ್ತಾಗಲಿಲ್ಲ. ಗೊತ್ತಾದಾಗ ದೊಡ್ಡಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ನೋಟ್‌ಬುಕ್ಕುಗಳು ಈಗಲೂ ಇವೆ, ಆದರೆ ಅವರೇ ತಪ್ಪು ಅಂದ ಹಳೆಯ ಅರ್ಥಗಳು ಇರುವುದು ಅದರಲ್ಲಿ. ಸರಿ ಅಂದದ್ದು ಯಾವುದು? ಸುಮಾರು ನಲವತ್ತು ಪದಗಳ ಮುಂದೆ ಇವತ್ತಿಗೂ ಪ್ರಶ್ನೆ ಚಿಹ್ನೆ ಇದೆ. ಕೇಳೋಣ ಅಂದರೆ ಹೇಳುವವರು ಇಲ್ಲ.

ಗಿಟ್ ಅಂಥ ಸಾಧನಗಳು ಇರುವುದು ಈ ತೊಂದರೆಗೇ. ಲಿನಕ್ಸ್ ಕರ್ನಲ್ ಬರೆಯುವವರು ಮೊದಲು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಪುಕ್ಕಟೆ ಸೌಲಭ್ಯ ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ತಾನೇ ಗಿಟ್ ಬರೆಯಲು ಕೂತ. ಅದೇ ವರ್ಷ ಜೂನ್‌ನಲ್ಲಿ ಬಂದ ಲಿನಕ್ಸ್ 2.6.12 ಗಿಟ್‌ನಲ್ಲೇ ಸಿದ್ಧವಾಯಿತು. ಜುಲೈಯಲ್ಲಿ ಉಸ್ತುವಾರಿ ಜುನಿಯೊ ಹಮಾನೊ ಕೈಗೆ ಹೋಯಿತು. ಅದೇ ಏಪ್ರಿಲ್‌ನಲ್ಲಿ, ಅದೇ ಕಾರಣಕ್ಕೆ, ಮರ್ಕ್ಯುರಿಯಲ್ ಎಂಬ ಇನ್ನೊಂದು ಸಾಧನವೂ ಹುಟ್ಟಿತು.

ಇವನ್ನು ವಿಕೇಂದ್ರಿತ ಅನ್ನುವುದು ಯಾಕೆಂದರೆ, ಹಿಂದಿನ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಇತಿಹಾಸವೆಲ್ಲ ಒಂದು ಸರ್ವರಿನಲ್ಲಿ ಇರುತ್ತಿತ್ತು. ಗಿಟ್‌ನಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಇತಿಹಾಸ ಇರುತ್ತದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ನೆಟ್ ಮೂರು ದಿನ ಇಲ್ಲದಿದ್ದರೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವವರೆಗೆ ಹಳೆಯದನ್ನು ನೋಡಬಹುದು, ಹೊಸದನ್ನು ದಾಖಲಿಸಬಹುದು. ಇನ್ನೊಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್‌ಹಬ್ 2008ರಲ್ಲಿ ಶುರುವಾದ ಜಾಲತಾಣ, 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಗಿಟ್ ಬಳಸಲು ಅಲ್ಲಿ ಖಾತೆ ಇರಲೇಬೇಕು ಅಂತೇನಿಲ್ಲ.

ಈಗ ಜಗಳದ ವಿಷಯಕ್ಕೆ ಬರೋಣ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಒಂದೇ ಥರ: ಇನಿಟ್ ಮಾಡಿ, ಆಡ್ ಮಾಡಿ, ಕಮಿಟ್ ಮಾಡಿ, ಪುಶ್ ಮಾಡಿ. ಎಲ್ಲವೂ "ಮಾಡುವ" ಆದೇಶಗಳು. ಹೊಸಬರು ಮಂತ್ರದ ಹಾಗೆ ಇದನ್ನೇ ಜಪಿಸುತ್ತಾರೆ. ನಾಲ್ಕನೇ ದಿನ ಏನೋ ಕೆಂಪಕ್ಷರದಲ್ಲಿ ಬರುತ್ತದೆ. ಗಾಬರಿಯಾಗಿ ಹುಡುಕುತ್ತಾರೆ. ಯಾರೋ "ರೀಸೆಟ್ ಹಾರ್ಡ್ ಹೊಡಿ" ಅಂದಿರುತ್ತಾರೆ, ಹೊಡೆಯುತ್ತಾರೆ. ಅಲ್ಲಿಗೆ ಮುಗೀತು! ನಾನು ಹೇಳುವುದು ಇಷ್ಟೇ. ಮೊದಲು "ನೋಡುವ" ಆದೇಶಗಳನ್ನು ಕಲಿಯಿರಿ. ಅವು ಕೈಗೆ ಹತ್ತುವವರೆಗೆ ಮಾಡುವ ಆದೇಶಗಳನ್ನು ಮುಟ್ಟಬೇಡಿ. ನೋಡುವ ಆದೇಶ ಎಷ್ಟು ಸಲ ಕೊಟ್ಟರೂ ನೀವು ಬರೆದದ್ದು ಒಂದಕ್ಷರವೂ ಅಳಿಯುವುದಿಲ್ಲ. ನಾನು ಆ ದಿನ ಸೇವ್ ಒತ್ತುವ ಮೊದಲು ಎರಡು ಕಡತಗಳ ವ್ಯತ್ಯಾಸ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಮೊದಲನೆಯದು ಗಿಟ್ ಸ್ಟೇಟಸ್. ಯಾವ ಕಡತ ಬದಲಾಗಿದೆ, ಯಾವುದು ಹೊಸದು, ಯಾವುದು ದಾಖಲಾಗಲು ಸಾಲಿನಲ್ಲಿ ನಿಂತಿದೆ ಎಂದು ಹೇಳುತ್ತದೆ. ಮುಂದೆ ಏನು ಮಾಡಬಹುದು, ಮಾಡಿದ್ದನ್ನು ಹೇಗೆ ಹಿಂದೆ ತೆಗೆದುಕೊಳ್ಳಬಹುದು ಅಂತ ಅಲ್ಲೇ ಸೂಚನೆಯನ್ನೂ ಕೊಡುತ್ತದೆ. ಯಾರೂ ಓದುವುದಿಲ್ಲ ಅಷ್ಟೆ. ಬೇರೆ ಯಾವ ಆದೇಶ ಕೊಡುವ ಮೊದಲೂ, ಕೊಟ್ಟ ನಂತರವೂ ಇದನ್ನು ಒಮ್ಮೆ ಕೊಡಿ.

ಎರಡನೆಯದು ಗಿಟ್ ಡಿಫ್. ಕಡತದ ಒಳಗೆ ಏನು ಬದಲಾಯಿತು ಅನ್ನುವುದು. ಹೋದ ಸಾಲು ಕೆಂಪು, ಬಂದ ಸಾಲು ಹಸಿರು. ಇದರಲ್ಲಿ ನಮಗೊಂದು ತೊಂದರೆ ಇದೆ. ಗಿಟ್ ಲೆಕ್ಕ ಹಾಕುವುದು ಸಾಲುಗಳಲ್ಲಿ. ನಾವು ಬರೆಯುವ ಒಂದು ಪ್ಯಾರಾ ಅಂದರೆ ಅದಕ್ಕೆ ಒಂದೇ ಸಾಲು. ಒಂದು ಕೊಂಬು ತಿದ್ದಿದರೂ ಇಡೀ ಪ್ಯಾರಾ ಕೆಂಪು, ಇಡೀ ಪ್ಯಾರಾ ಹಸಿರು. ಅದಕ್ಕೆ ಗಿಟ್ ಡಿಫ್ --ವರ್ಡ್-ಡಿಫ್ ಕೊಡಿ, ಪದದ ಮಟ್ಟದಲ್ಲಿ ತೋರಿಸುತ್ತದೆ. ಇಲ್ಲವೇ ಒಂದು ವಾಕ್ಯಕ್ಕೆ ಒಂದು ಸಾಲು ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಪದಸಂಗ್ರಹದಲ್ಲಿ ಒಂದು ಪದಕ್ಕೆ ಒಂದು ಸಾಲು. ಅಂದಹಾಗೆ, ಆಡ್ ಮಾಡಿ ಸಾಲಿನಲ್ಲಿ ನಿಲ್ಲಿಸಿದ ಬದಲಾವಣೆ ಬರೀ ಡಿಫ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಗಿಟ್ ಡಿಫ್ --ಸ್ಟೇಜ್ಡ್ ಅನ್ನಬೇಕು.

ಮೂರನೆಯದು ಗಿಟ್ ಲಾಗ್. ಈವರೆಗೆ ಆದದ್ದರ ದಿನಚರಿ. ಯಾರು, ಯಾವಾಗ, ಏನೆಂದು ಬರೆದು ದಾಖಲಿಸಿದರು. ಚಿಕ್ಕದಾಗಿ ಬೇಕಿದ್ದರೆ --ವನ್‌ಲೈನ್ ಸೇರಿಸಿ. ಪ್ರತಿ ದಾಖಲೆಗೂ ಅಂಕಿ, ಅಕ್ಷರ ಸೇರಿದ 40 ಚಿಹ್ನೆಗಳ ಒಂದು ಗುರುತು ಇರುತ್ತದೆ. ಗಿಟ್ ಶೋ ಎಂದು ಹೇಳಿ ಆ ಗುರುತಿನ ಮೊದಲ ಏಳೆಂಟು ಚಿಹ್ನೆ ಕೊಟ್ಟರೆ ಸಾಮಾನ್ಯವಾಗಿ ಸಾಕು, ಆ ದಿನ ಏನು ಬದಲಾಯಿತು ಅಂತ ಬಿಚ್ಚಿ ತೋರಿಸುತ್ತದೆ. ಇನ್ನೊಂದು ಗಿಟ್ ಬ್ಲೇಮ್. ಹೆಸರು ಕೇಳಿದರೆ ದೂರು ಕೊಡುವ ಹಾಗಿದೆ, ಆದರೆ ಕೆಲಸ ಒಳ್ಳೆಯದು. ಕಡತದ ಪ್ರತಿ ಸಾಲಿನ ಮುಂದೆ ಅದನ್ನು ಕೊನೆಯದಾಗಿ ಮುಟ್ಟಿದವರು ಯಾರು, ಯಾವಾಗ ಎಂದು ತೋರಿಸುತ್ತದೆ. ದೊಡ್ಡಪ್ಪ ನೋಟ್‌ಬುಕ್ಕಿನ ಅಂಚಿನಲ್ಲಿ "ಇದು ಇಂಥವರು ಹೇಳಿದ್ದು" ಅಂತ ಬರೆಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ.

ನಾಲ್ಕನೆಯದು ಗಿಟ್ ಫೆಚ್. ಬೇರೆಯವರು ಕಳಿಸಿಟ್ಟಿದ್ದನ್ನು ತರುತ್ತದೆ, ಆದರೆ ನೀವು ಕೆಲಸ ಮಾಡುತ್ತಿರುವ ಕಡತಗಳಿಗೆ ಬೆರೆಸುವುದಿಲ್ಲ. ಹಾಗಾಗಿ ಇದೂ ನೋಡುವ ಗುಂಪಿಗೇ ಸೇರಿದ್ದು. ಎಲ್ಲರೂ ಹೇಳಿಕೊಡುವ ಗಿಟ್ ಪುಲ್ ತಂದ ಕೂಡಲೇ ಬೆರೆಸಲು ಹೊರಡುತ್ತದೆ. ಸ್ಟೇಟಸ್ ತಾನಾಗಿ ನೆಟ್‌ಗೆ ಹೋಗಿ ಕೇಳುವುದಿಲ್ಲ ಅನ್ನುವುದು ನೆನಪಿರಲಿ. ಮೊದಲು ಫೆಚ್, ಆಮೇಲೆ ಸ್ಟೇಟಸ್. ಆಗ ನೀವು ಎಷ್ಟು ದಾಖಲೆ ಹಿಂದಿದ್ದೀರಿ ಎಂದು ಸರಿಯಾಗಿ ತಿಳಿಯುತ್ತದೆ.

ಕನ್ನಡದವರಿಗೆ ಎದುರಾಗುವ ಮೂರು ತಲೆನೋವುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಸ್ಟೇಟಸ್‌ನಲ್ಲಿ \340\262\225 ಅಂತ ಏನೇನೋ ಬರುತ್ತದೆ. ಕಡತ ಹಾಳಾಗಿಲ್ಲ, ಅದು "ಕ" ಅಕ್ಷರದ ಮೂರು ಬೈಟ್‌ಗಳು ಅಷ್ಟೆ. ಗಿಟ್ ಕಾನ್ಫಿಗ್ --ಗ್ಲೋಬಲ್ ಎಂದು ಹೇಳಿ ಕೋರ್.ಕೋಟ್‌ಪಾತ್ ಅನ್ನುವುದಕ್ಕೆ ಫಾಲ್ಸ್ ಎಂದು ಕೊಟ್ಟರೆ ಸರಿಹೋಗುತ್ತದೆ. ಎರಡು, ಹಳೆಯ ನೋಟ್‌ಪ್ಯಾಡಿನಲ್ಲಿ "ಯೂನಿಕೋಡ್" ಅಂತ ಸೇವ್ ಮಾಡಿದ ಕಡತಗಳು ಯುಟಿಎಫ್-16ರಲ್ಲಿ ಇರುತ್ತವೆ. ಅವನ್ನು ಗಿಟ್ ಪಠ್ಯ ಅಂತ ಗುರುತಿಸುವುದಿಲ್ಲ, ಡಿಫ್ ಕೇಳಿದರೆ ಬೈನರಿ ಅಂತ ಕೈಚೆಲ್ಲುತ್ತದೆ. ಯುಟಿಎಫ್-8ರಲ್ಲಿ ಸೇವ್ ಮಾಡಿ. ವರ್ಡ್ ಕಡತಗಳದ್ದೂ ಇದೇ ಕಥೆ, ಹಾಗಾಗಿ ಸಾದಾ ಪಠ್ಯವೇ ಒಳ್ಳೆಯದು. ಮೂರು, ಕೆಲವೊಮ್ಮೆ ಕೆಂಪು ಸಾಲು ಹಸಿರು ಸಾಲು ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. "ಕೊ" ಅನ್ನುವುದನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಕಾಣದ ಅರ್ಧಾಕ್ಷರ ಬಿಡಿಸುವ ಚಿಹ್ನೆಯೂ ಒಂದಿದೆ. ಬೇರೆ ಬೇರೆ ಕೀಲಿಮಣೆ ತಂತ್ರಾಂಶ ಬಳಸುವ ಇಬ್ಬರು ಸೇರಿದರೆ ಇದು ಆಗಬಹುದು. ಗಾಬರಿ ಬೇಡ.

ಇಷ್ಟಾದ ಮೇಲೆ ಮಾಡುವ ಆದೇಶಗಳು. ಮೊದಲ ಸಲ ಗಿಟ್ ಕಾನ್ಫಿಗ್‌ನಲ್ಲಿ ಹೆಸರು, ಮಿಂಚಂಚೆ ವಿಳಾಸ ಕೊಡಬೇಕು. (ಕೊಟ್ಟ ವಿಳಾಸ ಪ್ರತಿ ದಾಖಲೆಯಲ್ಲೂ ಇರುತ್ತದೆ. ಎಲ್ಲರಿಗೂ ಕಾಣುವ ಕಡೆ ಹಾಕುವುದಾದರೆ ಯೋಚಿಸಿ ಕೊಡಿ.) ಫೋಲ್ಡರಿನೊಳಗೆ ಹೋಗಿ ಗಿಟ್ ಇನಿಟ್ ಅಂದರೆ ಇತಿಹಾಸ ಬರೆಯಲು ಜಾಗ ಸಿದ್ಧ. ಗಿಟ್ ಆಡ್ ಎಂದರೆ ಈ ಬದಲಾವಣೆಯನ್ನು ದಾಖಲಿಸಬೇಕು ಎಂದು ಆರಿಸಿ ಇಡುವುದು. ಗಿಟ್ ಕಮಿಟ್ ಎಂದರೆ ದಾಖಲಿಸುವುದು. ಆಡ್, ಕಮಿಟ್ ಎರಡು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಕೊಯ್ದ ಕೊನೆಯನ್ನೆಲ್ಲ ಒಟ್ಟಿಗೇ ಹಂಡೆಗೆ ಸುರಿಯುತ್ತೇವಾ? ಹಣ್ಣು ಬೇರೆ, ಹಸಿರು ಬೇರೆ ಮಾಡುವುದಿಲ್ಲವೇ? ಆಡ್ ಅನ್ನುವುದು ಆ ಬೇರೆ ಮಾಡುವ ಕೆಲಸ. ಎಲ್ಲವನ್ನೂ ಒಟ್ಟಿಗೆ ತುಂಬುವ "ಗಿಟ್ ಆಡ್ ಚುಕ್ಕಿ"ಯನ್ನು ಮೊದಲ ದಿನವೇ ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ.

ಹಿಂದೆ ಹೋಗುವ ಆದೇಶಗಳಲ್ಲಿ ಇನ್ನೂ ಎಚ್ಚರ ಬೇಕು. ಗಿಟ್ ರಿವರ್ಟ್ ಹಳೆಯದನ್ನು ಅಳಿಸುವುದಿಲ್ಲ, ಅದಕ್ಕೆ ಉಲ್ಟಾ ಬದಲಾವಣೆಯನ್ನು ಹೊಸ ದಾಖಲೆಯಾಗಿ ಸೇರಿಸುತ್ತದೆ. ನಿಶ್ಚಿಂತೆಯಿಂದ ಬಳಸಬಹುದು. ಗಿಟ್ ರಿಸ್ಟೋರ್ (2019ರ ಆಗಸ್ಟ್‌ನಲ್ಲಿ 2.23 ಆವೃತ್ತಿಯ ಜತೆ ಬಂದದ್ದು, ಮೊದಲು ಆ ಕೆಲಸವನ್ನು ಚೆಕ್‌ಔಟ್ ಮಾಡುತ್ತಿತ್ತು) ಕಡತದಲ್ಲಿ ಇನ್ನೂ ದಾಖಲಿಸದ ತಿದ್ದುಪಡಿಗಳನ್ನು ತೆಗೆದುಹಾಕುತ್ತದೆ. ಅವು ವಾಪಸ್ ಬರುವುದಿಲ್ಲ. ರೀಸೆಟ್ --ಹಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ, ದಾಖಲಿಸದಿದ್ದ ತಿದ್ದುಪಡಿಗಳನ್ನು ಎಲ್ಲ ಕಡತಗಳಿಂದಲೂ ಒಟ್ಟಿಗೆ ಗುಡಿಸುತ್ತದೆ. ದಾಖಲಿಸಿದ್ದು ಕಳೆದ ಹಾಗೆ ಕಂಡರೆ ಗಿಟ್ ರಿಫ್‌ಲಾಗ್ ನೋಡಿ, ಸಾಮಾನ್ಯವಾಗಿ ಕನಿಷ್ಠ 30 ದಿನ ಅದರ ಜಾಡು ಅಲ್ಲಿರುತ್ತದೆ. ದಾಖಲಿಸದೇ ಇದ್ದದ್ದಕ್ಕೆ ಅಲ್ಲಿಯೂ ಜಾಡು ಇಲ್ಲ. ಆದ್ದರಿಂದ ಸಣ್ಣ ಸಣ್ಣದಾಗಿ, ಆಗಾಗ ಕಮಿಟ್ ಮಾಡಿ.

ಇನ್ನು ಹಂಚಿಕೊಳ್ಳುವುದು. ಗಿಟ್ ಕ್ಲೋನ್ ಅಂದರೆ ಇತಿಹಾಸ ಸಮೇತ ಪೂರ್ತಿ ನಕಲು, ಗಿಟ್ ಪುಶ್ ಅಂದರೆ ನಮ್ಮ ದಾಖಲೆಗಳನ್ನು ಆ ಕಡೆಗೆ ಕಳಿಸುವುದು. ಆ ಕಡೆ ಅಂದರೆ ಜಾಲತಾಣವೇ ಆಗಬೇಕಿಲ್ಲ. 2016ರಲ್ಲಿ ನಾನೂ ಅಕ್ಕನೂ ಮತ್ತೆ ಮೊದಲಿನಿಂದ ಟೈಪ್ ಮಾಡಲು ಶುರು ಮಾಡಿದಾಗ ಮೊದಲ ಆರು ತಿಂಗಳು ಒಂದು ಪೆನ್‌ಡ್ರೈವೇ ನಮ್ಮ ಸರ್ವರ್. ಇನಿಟ್ --ಬೇರ್ ಎಂದು ಅದರಲ್ಲಿ ಒಂದು ಖಾಲಿ ಭಂಡಾರ ಮಾಡಿ ಪುಶ್ ಮಾಡುವುದು, ಹಬ್ಬಕ್ಕೆ ಊರಿಗೆ ಹೋದಾಗ ಕೈಯಿಂದ ಕೈಗೆ ಕೊಡುವುದು.

ದೀಪಾವಳಿಗೆ ಅಕ್ಕನಿಗೆ ಕಲಿಸಲು ಕೂತೆ. "ಎಂತದು ಮಾರಾಯ ಇದು, ಬರೀ ಕಪ್ಪು ಪರದೆ" ಅಂದಳು. ಎರಡು ದಿನ ಅವಳಿಗೆ ಸ್ಟೇಟಸ್, ಡಿಫ್, ಲಾಗ್ ಬಿಟ್ಟರೆ ಬೇರೇನೂ ಹೇಳಿಕೊಡಲಿಲ್ಲ. ಮೂರನೇ ದಿನ ಅವಳೇ "ಹಾಗಾದ್ರೆ ಇದನ್ನ ಸೇರಿಸೋದು ಹೇಗೆ?" ಅಂತ ಕೇಳಿದಳು. ಕಲಿಯುವುದು ಅಂದರೆ ಇದು.

ಆಮೇಲೊಂದು ದಿನ ಗಿಟ್ ಮರ್ಜ್ ಕೊಟ್ಟಾಗ ಎಲ್ಲರೂ ಹೆದರುವ ಆ ಕಾನ್‌ಫ್ಲಿಕ್ಟ್ ಬಂತು. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸಕ್ಕೆ ನಮ್ಮನೆಯಲ್ಲಿ ಚೊಗರು ಅನ್ನುತ್ತೇವೆ. ನಾನು ಅದರ ಅರ್ಥ ತಿದ್ದಿದ್ದೆ. ಅಕ್ಕ ತನ್ನ ಗಂಡನ ಮನೆ ಕಡೆ ಕೇಳಿದಂತೆ ಅದೇ ಸಾಲಿನಲ್ಲಿ "ತೊಗರು" ಎಂದು ಬರೆದಿದ್ದಳು. ಗಿಟ್ ಎರಡನ್ನೂ ಬಾಣದ ಗುರುತುಗಳ ನಡುವೆ ಒಂದರ ಕೆಳಗೊಂದು ಇಟ್ಟು ನಿಂತುಬಿಟ್ಟಿತು. ಯಾವುದು ಸರಿ ಎಂದು ತಾನು ತೀರ್ಮಾನ ಮಾಡಲಿಲ್ಲ. ನಾನು 2011ರಿಂದ ಬಳಸುತ್ತಿದ್ದ ಸೇವ್ ಗುಂಡಿ ಯಾರನ್ನೂ ಕೇಳದೆ ಒಬ್ಬರ ಮಾತನ್ನು ಅಳಿಸಿತ್ತು. ಇದು ಕೇಳಿತು. ಕಾನ್‌ಫ್ಲಿಕ್ಟ್ ಅನ್ನುವುದು ದೋಷ ಅಲ್ಲ ಸ್ವಾಮಿ, ಮರ್ಯಾದೆ! ತಲೆ ಕೆಟ್ಟರೆ ಗಿಟ್ ಮರ್ಜ್ --ಅಬಾರ್ಟ್ ಅಂದು ಮೊದಲಿನ ಸ್ಥಿತಿಗೆ ಹೋಗಬಹುದು. ನಾವು ಹೋಗಲಿಲ್ಲ. ಫೋನ್ ಮಾಡಿ ಮಾತಾಡಿ, ಎರಡನ್ನೂ ಇಟ್ಟು, ಬಾಣಗಳನ್ನು ತೆಗೆದು, ಆಡ್ ಮಾಡಿ ಕಮಿಟ್ ಮಾಡಿದೆವು.

ಆ ಕಮಿಟ್‌ಗೆ ಅಕ್ಕ ಬರೆದ ಸಂದೇಶ: "ಚೊಗರು, ತೊಗರು ಎರಡೂ ಇರಲಿ. ತೊಗರು ಅಂದದ್ದು ನಮ್ಮತ್ತೆ, ಒಲೆ ಮುಂದೆ ಕೂತು ಹೇಳಿದ್ದು." ನನ್ನ ಪ್ರಕಾರ ಇಡೀ ಗಿಟ್‌ನಲ್ಲಿ ಬೆಲೆಬಾಳುವ ಜಾಗ ಅದೇ. ಏನು ಬದಲಾಯಿತು ಅನ್ನುವುದನ್ನು ಡಿಫ್ ಹೇಳುತ್ತದೆ. ಯಾಕೆ ಬದಲಾಯಿತು ಅನ್ನುವುದನ್ನು ನಾವೇ ಬರೆಯಬೇಕು. "ಅಪ್‌ಡೇಟ್", "ಚೇಂಜಸ್" ಅಂತ ಬರೆದು ಹಾಳುಮಾಡಬೇಡಿ. ಕನ್ನಡದಲ್ಲೇ ಬರೆಯಿರಿ, ಗಿಟ್‌ಗೆ ಅದರಿಂದ ಏನೂ ತೊಂದರೆ ಇಲ್ಲ.

ಗೂಗಲ್ ಡಾಕ್ಸ್‌ನಲ್ಲೂ ಹಳೆಯ ಆವೃತ್ತಿಗಳು ಸಿಗುತ್ತವಲ್ಲ ಅಂತ ಕೇಳುತ್ತೀರಿ. ನಿಜ. ಒಂದು ಲೇಖನಕ್ಕೆ, ಒಂದು ಕವಿತೆಗೆ ಅದು ಧಾರಾಳ ಸಾಕು, ಗಿಟ್ ಬೇಡವೇ ಬೇಡ. ಆದರೆ ವರ್ಷಗಟ್ಟಲೆ ನಡೆಯುವ, ಇಬ್ಬರು ಮೂವರು ಕೈಯಾಡಿಸುವ ಕೆಲಸಕ್ಕೆ ಇತಿಹಾಸ ನಮ್ಮ ಮನೆಯಲ್ಲೂ ಇರಬೇಕು, ಕಾರಣದ ಜತೆ ಇರಬೇಕು. ಗುಂಡಿ ಒತ್ತಿ ಕೆಲಸ ಮಾಡುವ ತಂತ್ರಾಂಶಗಳಿವೆ, ಧಾರಾಳವಾಗಿ ಬಳಸಿ, ಅಲ್ಲೂ ಡಿಫ್ ನೋಡದೆ ಕಮಿಟ್ ಒತ್ತಬೇಡಿ. ಈಗಂತೂ ಯಾವ ಆದೇಶ ಬೇಕಾದರೂ ಎಐ ಬರೆದುಕೊಡುತ್ತದೆ, ಬಾಯಿಪಾಠದ ಅಗತ್ಯವೇ ಹೋಯಿತು. ಆದರೆ ಅದು ಕೊಟ್ಟ ಆದೇಶ ನಿಮ್ಮ ಕಡತಕ್ಕೆ ಏನು ಮಾಡಿತು ಅಂತ ನೋಡಬೇಕಾದವರು ನೀವೇ. ಮತ್ತೆ, ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡು ಗಿಟ್ ಇದೆ ಎಂದು ನಿಶ್ಚಿಂತರಾಗಬೇಡಿ. ಡಿಸ್ಕ್ ಹೋದರೆ ಗಿಟ್ಟೂ ಹೋಯಿತು.

ದೊಡ್ಡಪ್ಪನ ಆ ನಲವತ್ತು ಪದಗಳು ಈಗ ಒಂದು ಪ್ರತ್ಯೇಕ ಕಡತದಲ್ಲಿವೆ. ಊರಿಗೆ ಹೋದಾಗಲೆಲ್ಲ ಹಳಬರನ್ನು ಹುಡುಕಿ ಕೇಳುತ್ತೇವೆ. ಇಲ್ಲಿಯವರೆಗೆ ಹನ್ನೊಂದಕ್ಕೆ ಉತ್ತರ ಸಿಕ್ಕಿದೆ, ಹನ್ನೊಂದಕ್ಕೂ ಯಾರು ಹೇಳಿದ್ದು ಅಂತ ಲಾಗ್‌ನಲ್ಲಿದೆ. ಉಳಿದದ್ದು ಸಿಗುತ್ತದೋ ಇಲ್ಲವೋ.

ಗೆಳೆಯಾ, ಹತ್ತು ಕಮಾಂಡ್ ಕೇಳಿದ್ದೆ, ಅದಕ್ಕಿಂತ ಜಾಸ್ತಿಯೇ ಕೊಟ್ಟಿದ್ದೇನೆ, ಸಿಟ್ಟು ಬಿಡು :) ಉಳಿದವರೂ ಹೇಳಿ, ನಿಮ್ಮ ಬರಹಗಳನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ? ನಿಮ್ಮ ಮನೆಯಲ್ಲೂ ಗೆರೆ ಹಾಕಿದ ನೋಟ್‌ಬುಕ್ ಇದೆಯೇ? ಬರೆದವರು ಇರುವಾಗಲೇ ಶುರು ಮಾಡಿ.